ಹವಳದ ಅಕ್ವೇರಿಯಂನ ತಳಕ್ಕೆ ಮರಳು ಹಾಸಬೇಕೇ, ಬರಿಗಾಜು ಸಾಕೇ?

ಉಪ್ಪುನೀರು (ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಓದುತ್ತಿದ್ದ ಕಾಲದಿಂದಲೂ ಸಿಹಿನೀರಿನ ಮೀನುಗಳನ್ನು ಸಾಕಿದ್ದೇನೆ; ಉಪ್ಪುನೀರಿಗೆ ಕೈಹಾಕುತ್ತಿರುವುದು ಇದೇ ಮೊದಲು. ಇಲ್ಲಿ ಪರಿಚಿತರೊಬ್ಬರು ಊರು ಬಿಟ್ಟು ಹೋಗುವಾಗ ತಮ್ಮ 75 ಗ್ಯಾಲನ್ ಟ್ಯಾಂಕನ್ನು, ಎಂದರೆ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ, ಸುಮಾರು 284 ಲೀಟರ್ ನೀರು ಹಿಡಿಯುವ ಗಾಜಿನ ತೊಟ್ಟಿಯನ್ನು, ಕೆಳಗಿನ ಸಂಪ್ (ಶೋಧಕ ಉಪಕರಣಗಳನ್ನಿಡುವ ತೊಟ್ಟಿ) ಮತ್ತು ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕಸ ತೆಗೆಯುವ ಉಪಕರಣ) ಸಮೇತ ನನಗೆ ಕೊಟ್ಟು ಹೋದರು. ಜೊತೆಗೆ ತಲಾ 18 ಕಿಲೋ ತೂಕದ, ಇನ್ನೂ ಒಡೆಯದ ಎರಡು ಚೀಲ ಅರಗೊನೈಟ್ ಎಂಬ ಸುಣ್ಣದ ಮರಳನ್ನೂ ಕೊಟ್ಟಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಅದನ್ನೆಲ್ಲ ಸುರಿದಾಗ ಸುಮಾರು 4 ಸೆಂಟಿಮೀಟರ್ ದಪ್ಪದ ಹಾಸು ಆಗುತ್ತದೆ.

ನನ್ನ ತೊಡಕು ಈ ಚೀಲಗಳಿಂದಲೇ ಶುರುವಾಯಿತು. ಟ್ಯಾಂಕಿನಲ್ಲಿ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಒಂದು ವಾರ ಬರೀ ನೀರು ತುಂಬಿಸಿ ಇಟ್ಟಿದ್ದೆ. ಆ ವಾರವಿಡೀ ಓದಿದ್ದರಲ್ಲಿ ಅರ್ಧದಷ್ಟು ಜನ ಮರಳೆಂದರೆ ಕೊಳಚೆಯ ಗುಂಡಿ, ಬರಿಗಾಜಿನ ತಳವೇ ಸರಿ ಎನ್ನುತ್ತಾರೆ. ಉಳಿದರ್ಧ ಜನ ಮರಳಿಲ್ಲದ ಟ್ಯಾಂಕ್ ಆಸ್ಪತ್ರೆಯ ಕೋಣೆಯಂತೆ, ಅದರಲ್ಲಿ ಜೀವಕಳೆ ಎಲ್ಲಿಂದ ಬರಬೇಕು ಎನ್ನುತ್ತಾರೆ. ಇಬ್ಬರ ಟ್ಯಾಂಕುಗಳ ಚಿತ್ರಗಳೂ ಚೆನ್ನಾಗಿಯೇ ಇವೆ. ಹಾಗಾಗಿ ಯಾರ ಮಾತನ್ನು ನಂಬಬೇಕೆಂದು ತಿಳಿಯದೆ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಮನಸ್ಸಿನಲ್ಲಿರುವುದು ಇಷ್ಟು. ಒಂದು ಜೋಡಿ ಕ್ಲೌನ್ ಮೀನು, ಒಂದು ಹಳದಿ ರಾಸ್ ಮೀನು, ಮತ್ತು ಮಗಳು ಎಲ್ಲೋ ನೋಡಿ ಹಟ ಹಿಡಿದಿರುವ ಗೋಬಿ ಮೀನು ಮತ್ತು ಪಿಸ್ತೂಲು ಸೀಗಡಿಯ ಜೋಡಿ. ಹವಳಗಳಲ್ಲಿ ಮೊದಲ ವರ್ಷ ಮೆತ್ತನೆಯ ಜಾತಿಗಳು ಮಾತ್ರ; ಕೈ ಪಳಗಿದ ಮೇಲೆ ಅಕ್ರೋಪೊರಾ ಎಂಬ ಕವಲೊಡೆಯುವ ಕಲ್ಲುಹವಳ ಇಡುವ ಆಸೆ ಇದೆ. ಕೆಲಸದ ದಿನಗಳಲ್ಲಿ ಟ್ಯಾಂಕಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಸಮಯ ಕೊಡಲಾರೆ, ಭಾನುವಾರ ಒಂದೆರಡು ಗಂಟೆ ಕೊಡಬಲ್ಲೆ. ಮನೆ ಮರದ ನೆಲದ್ದು, ಟ್ಯಾಂಕ್ ಇರುವುದು ಮೇಲಿನ ಅಂತಸ್ತಿನಲ್ಲಿ. ಆದ್ದರಿಂದ ತೂಕದ ಚಿಂತೆಯೂ ಸ್ವಲ್ಪ ಇದೆ. ಮರಳು ಹಾಸುವುದೇ, ಬಿಡುವುದೇ? ಅನುಭವಿಗಳು ಕಾರಣ ಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ಹವಳದಿಬ್ಬ (ಫ್ರಾಂಕ್‌ಫರ್ಟ್)

ನಮಸ್ಕಾರ ಉಪ್ಪುನೀರು ಅವರೇ. ನಾನು ಎರಡೂ ಬಗೆಯ ಟ್ಯಾಂಕುಗಳನ್ನು ವರ್ಷಗಟ್ಟಲೆ ನಡೆಸಿದವನು, ಎರಡರಲ್ಲೂ ಪೆಟ್ಟು ತಿಂದವನು. ನಿಮ್ಮ ಪತ್ರದಲ್ಲಿ ಪ್ರಶ್ನೆ ಮೊದಲು ಬಂದಿದೆ, ಪ್ರಾಣಿಗಳ ಪಟ್ಟಿ ಆಮೇಲೆ ಬಂದಿದೆ. ಅದನ್ನು ತಿರುಗಿಸಿಟ್ಟು ಓದಿಕೊಂಡರೆ ಅರ್ಧ ಉತ್ತರ ನಿಮಗೇ ಸಿಗುತ್ತದೆ. ಹಳದಿ ರಾಸ್ ರಾತ್ರಿ ಮಲಗುವುದು ಮರಳಿನೊಳಗೆ ಹೂತುಕೊಂಡು. ಹೆದರಿದಾಗಲೂ ಅದು ತಲೆ ಕೆಳಗಾಗಿ ಮರಳಿಗೆ ನುಗ್ಗುತ್ತದೆ. ಬರಿಗಾಜಿನ ಮೇಲೆ ಅದೇ ರಭಸದಲ್ಲಿ ಧುಮುಕಿ ಮೂತಿ ಒಡೆದುಕೊಂಡ ಮೀನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಿಸ್ತೂಲು ಸೀಗಡಿಯಂತೂ ಬಿಲ ತೋಡುವುದನ್ನೇ ಬಾಳುವೆ ಮಾಡಿಕೊಂಡ ಪ್ರಾಣಿ. ಅದು ಬುಲ್‌ಡೋಜರಿನಂತೆ ಮರಳು ತಳ್ಳುತ್ತಿದ್ದರೆ ಗೋಬಿ ಬಾಗಿಲಲ್ಲಿ ಕಾವಲು ಕೂರುತ್ತದೆ. ಸೀಗಡಿಗೆ ಕಣ್ಣು ಮಂದವಾದ್ದರಿಂದ ತನ್ನ ಮೀಸೆಯೊಂದನ್ನು ಸದಾ ಗೋಬಿಯ ಮೈಗೆ ತಾಗಿಸಿಕೊಂಡೇ ಹೊರಗೆ ಬರುತ್ತದೆ. ಈ ನಾಟಕ ನೋಡಬೇಕೆಂದರೆ ರಂಗಭೂಮಿಯೂ ಬೇಕು. ಅಕ್ರೋಪೊರಾಕ್ಕೆ ಬೇಕಾದದ್ದು ಮಾತ್ರ ಇದಕ್ಕೆ ಪೂರಾ ಉಲ್ಟಾ. ಅದಕ್ಕೆ ಬಿರುಸಾದ, ದಿಕ್ಕು ಬದಲಿಸುವ ಪ್ರವಾಹ ಬೇಕು. ನಿಮ್ಮ ಟ್ಯಾಂಕಿನಲ್ಲಿ ನೀರಿನ ಒಟ್ಟು ಪ್ರಮಾಣದ 30 ಪಟ್ಟು ಗಂಟೆಗೆ ತಿರುಗಬೇಕೆಂದರೂ ಅದು 8,500 ಲೀಟರ್ ಆಗುತ್ತದೆ, ಹಲವರು 50 ಪಟ್ಟಿನವರೆಗೂ ಹೋಗುತ್ತಾರೆ. ಅಷ್ಟು ಬಿರುಸಾಗಿ ನೀರು ಹರಿದರೆ ನುಣ್ಣನೆಯ ಮರಳು ಸುಮ್ಮನಿರುವುದಿಲ್ಲ. ಒಂದು ಮೂಲೆಯಲ್ಲಿ ಗಾಜು ಕಾಣುವಂತೆ ಹಳ್ಳ ಬಿದ್ದು ಇನ್ನೊಂದು ಮೂಲೆಯಲ್ಲಿ ದಿಬ್ಬ ಏಳುತ್ತದೆ, ನಡುವೆ ಹವಳದ ಬುಡಕ್ಕೆ ಮರಳಿನ ಉಜ್ಜಾಟ ನಡೆದೇ ಇರುತ್ತದೆ.

ನೀವು ಓದಿದ ಎರಡು ಪಕ್ಷಗಳ ವಾದ ಇಂದು ನಿನ್ನೆಯದಲ್ಲ. ನಾನಿರುವ ಈ ದೇಶದಲ್ಲಿ ಬೆಳೆದ ಬರ್ಲಿನ್ ಪದ್ಧತಿ ಎನ್ನುವುದರಲ್ಲಿ ಲೈವ್ ರಾಕ್ (ಬ್ಯಾಕ್ಟೀರಿಯಾ ಮುಂತಾದ ಜೀವಿಗಳು ನೆಲೆಸಿದ ಸುಣ್ಣದ ಕಲ್ಲು), ಬಲವಾದ ಸ್ಕಿಮ್ಮರ್, ಬಲವಾದ ಬೆಳಕು ಇವೇ ಮುಖ್ಯ; ತಳದ ಮರಳಿಗೆ ಅಲ್ಲಿ ಹೇಳಿಕೊಳ್ಳುವ ಪಾತ್ರವಿಲ್ಲ. ಅತ್ತ ಮೊನಾಕೊದಲ್ಲಿ ಜ್ಯಾಂ ಜೋಬೇರ್ ಅವರು ತಳದಲ್ಲಿ ಒಂದು ಖಾಲಿ ಅಂತರ ಬಿಟ್ಟು, ಅದರ ಮೇಲೆ ಜಾಲರಿ ಇರಿಸಿ, ಅದರ ಮೇಲೆ ದಪ್ಪ ಮರಳು ಹಾಸುವ ಕ್ರಮವನ್ನು ಬಳಕೆಗೆ ತಂದರು. ಅಮೆರಿಕದಲ್ಲಿ ಅಕಶೇರುಕ ಪ್ರಾಣಿಗಳ ತಜ್ಞ ರೊನಾಲ್ಡ್ ಶಿಮೆಕ್ ಅವರು ಆ ಖಾಲಿ ಅಂತರವೂ ಬೇಡ, 10-15 ಸೆಂಟಿಮೀಟರ್ ನುಣ್ಣನೆಯ ಮರಳು ಮತ್ತು ಅದರೊಳಗೆ ಹುಳುಹುಪ್ಪಟೆಗಳು ಇದ್ದರೆ ಸಾಕು ಎಂದು ಪ್ರತಿಪಾದಿಸಿದರು. ತತ್ವ ಸರಳವಾಗಿದೆ. ಮೇಲಿನ ಪದರದ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಕೆಳಗಿನ ಪದರದವು ಉಸಿರಾಟಕ್ಕೆ, ಮೀನಿನ ಮಲ ಮತ್ತು ಉಳಿದ ಆಹಾರದಿಂದ ನೀರಿನಲ್ಲಿ ಸೇರುವ ನೈಟ್ರೇಟಿನಲ್ಲಿರುವ ಆಮ್ಲಜನಕವನ್ನು ಕಿತ್ತುಕೊಂಡು, ಉಳಿದ ಸಾರಜನಕವನ್ನು ಅನಿಲವಾಗಿ ಬಿಟ್ಟುಬಿಡುತ್ತವೆ. ಗಾಜಿನ ಬದಿಯಿಂದ ನೋಡಿದರೆ ಮರಳಿನೊಳಗೆ ಸಿಕ್ಕಿಕೊಂಡ ಚಿಕ್ಕ ಗುಳ್ಳೆಗಳಾಗಿ ಆ ಅನಿಲ ಕಾಣಿಸುತ್ತದೆ.

ಅದನ್ನೆಲ್ಲ ಓದಿ ನಾನೂ 12 ಸೆಂಟಿಮೀಟರ್ ಹಾಸಿದ್ದೆ. ಐದು ವರ್ಷ ಅದು ಸೊಗಸಾಗಿ ನಡೆಯಿತು, ನೈಟ್ರೇಟ್ ಪರೀಕ್ಷೆಯ ನೀರಿಗೆ ಬಣ್ಣವೇ ಬರುತ್ತಿರಲಿಲ್ಲ. ಆರನೆಯ ವರ್ಷ ಮನೆ ಬದಲಿಸಬೇಕಾಯಿತು. ಮೀನುಗಳನ್ನು ತೆಗೆಯುವ ಮುನ್ನವೇ ಕಲ್ಲುಗಳನ್ನು ಎತ್ತಿದೆ. ಕಲ್ಲಿನ ಕೆಳಗೆ ಮರಳು ಬಿಳಿಯಿರಲಿಲ್ಲ, ಒಲೆಯ ಮಸಿಯಂತೆ ಕಪ್ಪಗಿತ್ತು, ಮತ್ತು ಅದು ಅಲುಗಿದ ಕ್ಷಣಕ್ಕೆ ಕೊಳೆತ ಮೊಟ್ಟೆಯ ವಾಸನೆ ಇಡೀ ಕೋಣೆಗೆ ಹಬ್ಬಿತು. ಹೈಡ್ರೋಜನ್ ಸಲ್ಫೈಡಿನಿಂದಲೋ, ಆಮ್ಲಜನಕ ದಿಢೀರನೆ ಕುಸಿದದ್ದರಿಂದಲೋ, ಬಹುಶಃ ಎರಡರಿಂದಲೂ, ಸಂಜೆಯೊಳಗೆ ಮೂರು ಮೀನುಗಳು ಸತ್ತವು. ತಪ್ಪು ಮರಳಿನದ್ದಲ್ಲ, ಅವಸರಪಟ್ಟ ನನ್ನದು. ಆದರೆ ದಪ್ಪ ಹಾಸನ್ನು ಕಟ್ಟಿದವನು ಅದನ್ನು ಎಂದಾದರೊಂದು ದಿನ ಬಿಚ್ಚಬೇಕಾಗುತ್ತದೆ ಎಂಬುದನ್ನು ಯಾರೂ ಮೊದಲೇ ಹೇಳುವುದಿಲ್ಲ.

ನಿಮ್ಮ 4 ಸೆಂಟಿಮೀಟರ್ ಬೇರೆಯೇ ಲೆಕ್ಕ. ಅಷ್ಟು ತೆಳುವಾದ ಹಾಸಿನಲ್ಲಿ ನೈಟ್ರೇಟ್ ಕಳೆಯುವ ಕೆಲಸ ಅಷ್ಟಿಷ್ಟು ನಡೆದರೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ; ಅದನ್ನು ಶೋಧಕವೆಂದು ತಿಳಿಯದೆ ಪ್ರಾಣಿಗಳ ಹಾಸಿಗೆಯೆಂದು ತಿಳಿದು, ಹಾಸಿಗೆಯನ್ನು ಕೊಡವುವಂತೆ ಆಗಾಗ ಕೊಡವುತ್ತಿರಬೇಕು. ಭಾನುವಾರ ನೀರು ಬದಲಿಸುವಾಗ ಸೈಫನ್ನಿನ ಅಗಲ ಬಾಯನ್ನು ಮರಳಿಗೆ ಊರಿ, ತಳದ ನಾಲ್ಕನೇ ಒಂದು ಭಾಗವನ್ನು ಮಾತ್ರ ತೊಳೆಯಿರಿ. ಮುಂದಿನ ವಾರ ಇನ್ನೊಂದು ಭಾಗ. ಹೀಗೆ ತಿಂಗಳಿಗೊಮ್ಮೆ ಇಡೀ ತಳ ಶುಚಿಯಾಗುತ್ತದೆ, ಮತ್ತು ಯಾವ ಭಾಗವೂ ಕಪ್ಪಾಗುವಷ್ಟು ಹಳತಾಗುವುದಿಲ್ಲ. ಮೊದಲ ವಾರದಿಂದಲೇ ಈ ಕ್ರಮ ಹಿಡಿಯಬೇಕು. ಎರಡು ವರ್ಷ ಬಿಟ್ಟು, ಅಯ್ಯೋ ಕೊಳೆಯಾಗಿದೆ ಎಂದು ಒಂದೇ ದಿನ ಕಲಕಿದರೆ ನನ್ನ ಗತಿಯೇ ಆದೀತು.

ಇನ್ನೊಂದು ಮಾತನ್ನು ಮರೆಯಬೇಡಿ. ಬರಿಗಾಜಿನಿಂದ ಶುರುಮಾಡಿದವರು ಆರು ತಿಂಗಳ ಮೇಲೆ ಮನಸ್ಸು ಬದಲಿಸಿದರೆ, ತೊಳೆದ ಮರಳನ್ನು ಪಿವಿಸಿ ಕೊಳವೆಯ ಮೂಲಕ ತಳಕ್ಕೆ ಇಳಿಸಿ ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಸಬಹುದು. ಮರಳಿನಿಂದ ಬರಿಗಾಜಿಗೆ ಹೋಗಬೇಕೆಂದರೆ ಪ್ರತಿ ನೀರು ಬದಲಾವಣೆಯಲ್ಲೂ ಸ್ವಲ್ಪ ಸ್ವಲ್ಪವೇ ಹೀರಿ ತೆಗೆಯುತ್ತ ತಿಂಗಳುಗಟ್ಟಲೆ ಕಾಯಬೇಕು.

ಪಡುಗಡಲು (ಮಂಗಳೂರು)

ಹವಳದಿಬ್ಬ ಅವರು ಪ್ರಾಣಿಗಳ ಕಡೆಯಿಂದ ಹೇಳಿದ್ದಾರೆ. ನಾನು ಮೀನುಗಾರಿಕೆ ವಿಜ್ಞಾನ ಓದಿದವನಾದ್ದರಿಂದ ಮರಳಿನ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ಮರಳು ಎಂಬ ಒಂದೇ ಪದದಲ್ಲಿ ನಾವು ಎರಡು ಬೇರೆ ವಸ್ತುಗಳನ್ನು ಕರೆಯುತ್ತೇವೆ. ನಮ್ಮ ಪಣಂಬೂರು, ಮಲ್ಪೆ ಕಡೆಯ ಮರಳು ಘಟ್ಟದ ಬಂಡೆಗಳು ಸವೆದು ಹೊಳೆಗಳಲ್ಲಿ ಇಳಿದು ಬಂದದ್ದು. ಅದರಲ್ಲಿ ಹೆಚ್ಚಿನದು ಸ್ಫಟಿಕಶಿಲೆ, ಎಂದರೆ ಸಿಲಿಕಾ. ಹಳೆ ಬಂದರಿನಿಂದ ಹಡಗು ಹತ್ತಿ ಲಕ್ಷದ್ವೀಪಕ್ಕೆ ಹೋದವರಿಗೆ ಅಲ್ಲಿನ ದಡ ಕಣ್ಣು ಕುಕ್ಕುವಷ್ಟು ಬಿಳಿಯಾಗಿ ಕಾಣುವುದು ಅದು ಬಂಡೆಯ ಪುಡಿಯಲ್ಲದಿರುವುದರಿಂದ. ಅಲ್ಲಿನದು ಹವಳ, ಚಿಪ್ಪು, ಸುಣ್ಣಕಟ್ಟುವ ಪಾಚಿ ಇವುಗಳ ಪುಡಿ, ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಗಿಳಿಮೀನುಗಳು ಪಾಚಿಗಾಗಿ ಸತ್ತ ಹವಳವನ್ನು ಕೊಕ್ಕಿನಿಂದ ಕೆರೆದು, ಗಂಟಲಲ್ಲಿರುವ ಹಲ್ಲುಗಳಿಂದ ಅರೆದು, ಬೇಡದ್ದನ್ನು ಬಿಳಿ ಮೋಡದಂತೆ ಹಿಂದಿನಿಂದ ಬಿಡುತ್ತವೆ. ಪ್ರವಾಸಿಗರು ಬರಿಗಾಲಲ್ಲಿ ನಡೆದಾಡುವ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಹೀಗೆ ಬಂದದ್ದೇ.

ನಿಮ್ಮ ಚೀಲದ ಅರಗೊನೈಟ್ ಈ ಎರಡನೆಯ ಬಗೆಯದು. ಅನುಮಾನವಿದ್ದರೆ ಒಂದು ಚಮಚ ಮರಳಿನ ಮೇಲೆ ಅಡುಗೆಮನೆಯ ವಿನೆಗರ್ ನಾಲ್ಕು ಹನಿ ಹಾಕಿ ಕಿವಿ ಹತ್ತಿರ ಹಿಡಿಯಿರಿ. ಸುಣ್ಣದ ಮರಳಾದರೆ ಸಣ್ಣಗೆ ಚಿರಚಿರ ಸದ್ದಾಗಿ ನೊರೆ ಬರುತ್ತದೆ, ಸಿಲಿಕಾ ಆದರೆ ಏನೂ ಆಗುವುದಿಲ್ಲ. ಇದೇ ಸುಣ್ಣ ಕರಗಿ ನೀರಿನ ಕ್ಷಾರತೆಯನ್ನು ಕಾಯ್ದುಕೊಳ್ಳುತ್ತದೆ ಎಂಬ ಮಾರಾಟಗಾರರ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ. ಪಿಎಚ್ 8.2ರ ಸುತ್ತಮುತ್ತ ಇರುವ ನೀರಿನಲ್ಲಿ ಅರಗೊನೈಟ್ ಕರಗುವುದೇ ಇಲ್ಲ ಎನ್ನಬಹುದು. ಮರಳಿನ ಒಳಪದರದಲ್ಲಿ ಪಿಎಚ್ ಇಳಿದಾಗ ಅಷ್ಟೋ ಇಷ್ಟೋ ಕರಗಿದರೂ ಬೆಳೆಯುವ ಹವಳಗಳ ಹಸಿವಿಗೆ ಅದು ಸಾಲುವುದಿಲ್ಲ. ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ದಶಲಕ್ಷಕ್ಕೆ ಇಷ್ಟು ಭಾಗ), ಕ್ಷಾರತೆ 8 ಡಿಕೆಎಚ್ (ಕ್ಷಾರತೆಯ ಅಳತೆ) ಆಸುಪಾಸು ಇರಿಸಲು ನೀವು ಬೇರೆಯಾಗಿಯೇ ದ್ರಾವಣ ಹಾಕಬೇಕಾಗುತ್ತದೆ, ತಳದಲ್ಲಿ ಮರಳಿರಲಿ, ಇಲ್ಲದಿರಲಿ.

ಸುಣ್ಣದ ಮರಳಿಗೆ ಇನ್ನೊಂದು ಗುಣವಿದೆ, ಅದು ಒಮ್ಮೊಮ್ಮೆ ಅವಗುಣವೂ ಹೌದು. ಆಹಾರದಿಂದ ನೀರಿಗೆ ಸೇರುವ ಫಾಸ್ಫೇಟ್ ಅದರ ಮೈಗೆ ಅಂಟಿಕೊಳ್ಳುತ್ತದೆ. ನೀರಿನಲ್ಲಿ ಫಾಸ್ಫೇಟ್ ಹೆಚ್ಚಿದ್ದಾಗ ಮರಳು ಹೀರಿಕೊಳ್ಳುತ್ತದೆ, ಕಡಿಮೆಯಾದಾಗ ವಾಪಸು ಬಿಡುತ್ತದೆ. ಜಿಪುಣ ಸಾಹುಕಾರನ ಪೆಟ್ಟಿಗೆಯ ಹಾಗಲ್ಲ, ಕಂತಿನಲ್ಲಿ ವಾಪಸು ಕೊಡುವ ಬ್ಯಾಂಕಿನ ಹಾಗೆ. ವರ್ಷಗಟ್ಟಲೆ ಮಿತಿಮೀರಿ ಆಹಾರ ಹಾಕಿದ ಟ್ಯಾಂಕಿನಲ್ಲಿ ಎಷ್ಟು ನೀರು ಬದಲಿಸಿದರೂ ಫಾಸ್ಫೇಟ್ ಇಳಿಯುತ್ತಿಲ್ಲ ಎಂದು ಜನ ತಲೆ ಕೆಡಿಸಿಕೊಳ್ಳುವುದು ಇದರಿಂದಲೇ. ಲೈವ್ ರಾಕ್ ಕೂಡ ಅದೇ ಸುಣ್ಣವಾದ್ದರಿಂದ ಬರಿಗಾಜಿನವರು ಇದರಿಂದ ಪೂರ್ತಿ ಪಾರಾಗುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಕಾಳಿನ ಗಾತ್ರದ ವಿಷಯದಲ್ಲಿ ನನ್ನ ಸಲಹೆ ಇಷ್ಟು. ಸಕ್ಕರೆಯಂತೆ ಅರ್ಧ ಮಿಲಿಮೀಟರಿನದು ನೀರಿನ ಪ್ರವಾಹಕ್ಕೆ ಹಾರುತ್ತದೆ. 3 ಮಿಲಿಮೀಟರಿಗಿಂತ ದಪ್ಪನೆಯ ಹವಳದ ಚೂರುಗಳ ಸಂದಿಗಳಲ್ಲಿ ಕಸ ಇಳಿದು ಕೂರುತ್ತದೆ, ರಾಸ್ ಮೀನಿನ ಮೈಯೂ ತರಚುತ್ತದೆ. ನಡುವಿನ ರವೆಯಂಥದ್ದು, 1ರಿಂದ 2 ಮಿಲಿಮೀಟರಿನದು, ನಿಮಗೆ ಹೊಂದುತ್ತದೆ.

ಕೊನೆಗೆ, ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಸಂಗತಿ. ನನ್ನ ಟ್ಯಾಂಕಿನ ಮರಳಿನಲ್ಲಿ ಹತ್ತಾರು ನಾಸೇರಿಯಸ್ ಬಸವನಹುಳುಗಳಿವೆ. ಹಗಲಿಡೀ ಅವು ಇರುವುದೇ ತಿಳಿಯುವುದಿಲ್ಲ. ನೀರಿಗೆ ಒಂದು ಚೂರು ಸೀಗಡಿ ಬಿದ್ದರೆ ಸಾಕು, ಅರ್ಧ ನಿಮಿಷದಲ್ಲಿ ತಳದ ಎಲ್ಲ ಕಡೆಯಿಂದ ಆನೆಯ ಸೊಂಡಿಲಿನಂತಹ ಕೊಳವೆಗಳು ಮೇಲೆದ್ದು ವಾಸನೆ ಹಿಡಿಯುತ್ತವೆ, ಅದರ ಹಿಂದೆಯೇ ಚಿಪ್ಪುಗಳು ಮರಳನ್ನು ಸೀಳಿಕೊಂಡು ಹೊರಬರುತ್ತವೆ. ನನ್ನ ಮಟ್ಟಿಗೆ ಮರಳು ಹಾಸಲು ಇದೊಂದೇ ಕಾರಣ ಸಾಕು. ಮರಳು ಜರಡಿ ಹಿಡಿಯುವ ನಕ್ಷತ್ರಮೀನನ್ನು ಮಾತ್ರ ಅಂಗಡಿಯವರು ಎಷ್ಟು ಹೊಗಳಿದರೂ ತರಬೇಡಿ. ಅದು ಮರಳಿನೊಳಗಿನ ಜೀವಿಗಳನ್ನೇ ತಿಂದು ಮುಗಿಸಿ, ಆಮೇಲೆ ತಾನೂ ಹಸಿದು ಸಾಯುತ್ತದೆ.

ಬರಿತಳ (ದುಬೈ)

ನನ್ನ ಹೆಸರೇ ನನ್ನ ಪಕ್ಷವನ್ನು ಹೇಳುತ್ತದೆ, ಆದರೂ ಇಲ್ಲಿ ಬರಿಗಾಜಿನ ಪರ ವಕೀಲಿ ಮಾಡಲು ಬಂದಿಲ್ಲ. ಒಂಬತ್ತು ವರ್ಷದಿಂದ ನನ್ನ ಟ್ಯಾಂಕಿನ ತಳದಲ್ಲಿ ಒಂದು ಕಾಳು ಮರಳೂ ಇಲ್ಲ. ಬಿರುಸಾದ ಪ್ರವಾಹ, ತುಂಬ ಅಕ್ರೋಪೊರಾ, ಪ್ರತಿ ಶುಕ್ರವಾರ ಐದು ನಿಮಿಷದ ಗುಡಿಸಾಟ. ಮೀನಿನ ಮಲ, ಉಳಿದ ಆಹಾರ, ಸ್ಕಿಮ್ಮರಿಗೆ ಸಿಗದ ಕಂದು ಹೊಟ್ಟು, ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕಂಡದ್ದನ್ನು ಕೊಳವೆಯಿಂದ ಎಳೆದುಬಿಡಬಹುದು. ಕಾಣುವುದು ಎಂಬ ಮಾತಿಗೆ ಒತ್ತು ಕೊಡುತ್ತೇನೆ. ಬರಿಗಾಜಿನಲ್ಲಿ ಕಸ ಕಡಿಮೆ ಹುಟ್ಟುವುದಿಲ್ಲ. ಮರಳಿನಲ್ಲಿ ಹುಟ್ಟುವಷ್ಟೇ ಹುಟ್ಟುತ್ತದೆ, ಅಡಗಲು ಜಾಗ ಸಿಗುವುದಿಲ್ಲ, ಅಷ್ಟೇ. ಗುಡಿಸಲು ಸೋಮಾರಿತನ ಮಾಡುವವರಿಗೆ ಬರಿಗಾಜು ಮರಳಿಗಿಂತ ಅಸಹ್ಯವಾಗಿ ಕಾಣುತ್ತದೆ. ಕಲ್ಲಿನ ಹಿಂಬದಿಯಲ್ಲಿ ಪ್ರವಾಹ ತಲುಪದ ಒಂದು ಅಂಗೈ ಅಗಲದ ಜಾಗ ಎಲ್ಲ ಟ್ಯಾಂಕಿನಲ್ಲೂ ಇರುತ್ತದೆ. ನನ್ನ ಮೊದಲ ವರ್ಷದ ನೈಟ್ರೇಟ್ ಎಲ್ಲ ಅಲ್ಲೇ ಕೂತಿತ್ತು. ಆದ್ದರಿಂದ ಕಲ್ಲುಗಳನ್ನು ಹಿಂದಿನ ಗಾಜಿಗೆ ಆನಿಸದೆ, ಎರಡು ಮೂರು ಕಾಲುಗಳ ಮೇಲೆ ನಿಲ್ಲಿಸಿದ ಮಂಟಪದಂತೆ ಕಟ್ಟಿ, ಅಡಿಯಿಂದ ನೀರು ಹರಿಯುವಂತೆ ಮಾಡಿ. ಮರಳು ಹಾಸುವವರಿಗೂ ಇದೇ ಮಾತು ಸಲ್ಲುತ್ತದೆ.

ಹವಳದಿಬ್ಬ ಅವರು ಮರಳಿನ ಅಪಾಯವನ್ನು ಹೇಳಿದರು. ನಾನು ನನ್ನ ಪಕ್ಷದ ಅಪಾಯವನ್ನು ಹೇಳಬೇಕು. ಮೂರನೆಯ ವರ್ಷ ನನಗೆ ಶುಚಿತ್ವದ ಹುಚ್ಚು ಹಿಡಿಯಿತು. ದೊಡ್ಡ ಸ್ಕಿಮ್ಮರ್ ಹಾಕಿದೆ, ಫಾಸ್ಫೇಟ್ ಹೀರುವ ಕಬ್ಬಿಣದ ಪುಡಿ ಹಾಕಿದೆ, ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಸೊನ್ನೆಗೆ ಬಂದವೆಂದು ಬೀಗಿದೆ. ಮೂರು ವಾರದಲ್ಲಿ ಕಲ್ಲಿನ ಮೇಲೆ, ಗಾಜಿನ ಮೇಲೆ, ಹವಳದ ತುದಿಗಳ ಮೇಲೆ ಕಂದು ಬಣ್ಣದ ಲೋಳೆ ಬಂತು. ಅದರ ಎಳೆಗಳ ತುದಿಯಲ್ಲಿ ಒಂದೊಂದು ಗಾಳಿಗುಳ್ಳೆ. ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಇರಬೇಕೆಂದು ತಿಳಿದು ಇನ್ನಷ್ಟು ಶುಚಿ ಮಾಡಿದೆ, ಅದು ಇನ್ನಷ್ಟು ಹೆಚ್ಚಿತು. ಮಗನ ಶಾಲೆಯ ಸೂಕ್ಷ್ಮದರ್ಶಕ ತಂದು ಒಂದು ಹನಿ ನೋಡಿದಾಗ ಎಳ್ಳಿನಾಕಾರದ ಕೋಶಗಳು ಒಂದೇ ಬಿಂದುವಿಗೆ ದಾರದಿಂದ ಕಟ್ಟಿದಂತೆ ಸುತ್ತು ಹಾಕುತ್ತಿದ್ದವು. ಆಸ್ಟ್ರಿಯೋಪ್ಸಿಸ್ ಎಂಬ ಡೈನೋಫ್ಲಾಜೆಲೇಟ್ (ಈಜುವ ಏಕಕೋಶ ಜೀವಿ) ಅದು. ಪೈಪೋಟಿ ಕೊಡುವ ಬೇರೆ ಜೀವಿಗಳಿಗೆ ತಿನ್ನಲು ಏನೂ ಉಳಿಯದ ನೀರಿನಲ್ಲಿ ಇವು ಮೆರೆಯುತ್ತವೆ. ಈ ಜಾತಿ ರಾತ್ರಿ ನೀರಿಗೆ ಏಳುವುದರಿಂದ ಹರಿದು ಬರುವ ನೀರಿನಲ್ಲಿನ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯುವಿ (ನೇರಳಾತೀತ) ದೀಪ ಹಾಕಿ, ನೈಟ್ರೇಟನ್ನು ಬೇಕೆಂದೇ 5ರಿಂದ 10 ಪಿಪಿಎಂಗೆ, ಫಾಸ್ಫೇಟನ್ನು 0.1ರ ಹತ್ತಿರಕ್ಕೆ ಏರಿಸಿದ ಮೇಲೆ ಎರಡು ತಿಂಗಳಲ್ಲಿ ತೊಲಗಿತು. ಮರಳಿನವರು ಇದನ್ನು ಓದಿ ಹಿಗ್ಗಬೇಡಿ. ಆಂಫಿಡಿನಿಯಂ ಎಂಬ ಅದರ ಇನ್ನೊಂದು ದಾಯಾದಿ ಮರಳಿನಲ್ಲೇ ಮನೆ ಮಾಡಿಕೊಂಡು ರಾತ್ರಿಯೂ ಮೇಲೇಳದ್ದರಿಂದ ಅದಕ್ಕೆ ಯುವಿ ದೀಪ ತಾಗುವುದೇ ಇಲ್ಲ.

ಉಪ್ಪುನೀರು ಅವರ ಪಟ್ಟಿ ನೋಡಿದರೆ ನಾನೂ ಮರಳಿಗೇ ಮತ ಹಾಕುತ್ತೇನೆ. ಆದರೆ ಅಕ್ರೋಪೊರಾದ ಆಸೆ ನಿಜವಾದದ್ದಾದರೆ ಒಂದು ಉಪಾಯವಿದೆ. ರಾಸ್‌ಗಳಲ್ಲಿ ಎಲ್ಲವೂ ಮರಳಿನಲ್ಲಿ ಮಲಗುವುದಿಲ್ಲ. ಫೇರಿ ರಾಸ್, ಫ್ಲಾಷರ್ ರಾಸ್ ಎನ್ನುವವು ಕಲ್ಲಿನ ಸಂದಿಯಲ್ಲಿ ಲೋಳೆಯ ಸೊಳ್ಳೆಪರದೆ ಕಟ್ಟಿಕೊಂಡು ಮಲಗುತ್ತವೆ. ಬಣ್ಣದಲ್ಲಿ ಹಳದಿ ರಾಸ್‌ಗೆ ಏನೂ ಕಡಿಮೆಯಿಲ್ಲ. ಅದೇ ಬೇಕೆಂದರೆ ಅಡುಗೆಗೆ ಬಳಸುವ ದಪ್ಪ ಗಾಜಿನ ಚೌಕ ಪಾತ್ರೆಯೊಂದರಲ್ಲಿ 6-7 ಸೆಂಟಿಮೀಟರ್ ಮರಳು ತುಂಬಿ ಮೂಲೆಯಲ್ಲಿ ಇಟ್ಟರೆ ಮೀನು ಎರಡೇ ದಿನದಲ್ಲಿ ಅದನ್ನು ತನ್ನ ಮಲಗುವ ಕೋಣೆ ಮಾಡಿಕೊಳ್ಳುತ್ತದೆ. ನನ್ನಲ್ಲಿ ಒಂದು ಚಿರತೆ ರಾಸ್ ಹೀಗೆ ನಾಲ್ಕು ವರ್ಷದಿಂದ ಇದೆ. ದೀಪ ಆರುವ ಹತ್ತು ನಿಮಿಷ ಮೊದಲು ಪಾತ್ರೆಯ ಮೇಲೆ ಎರಡು ಸುತ್ತು ಬಂದು, ಓರೆಯಾಗಿ ಒಳಗೆ ಜಾರುತ್ತದೆ. ಬೆಳಿಗ್ಗೆ ಮೂತಿ ಮಾತ್ರ ಹೊರಗಿಟ್ಟು ಸ್ವಲ್ಪ ಹೊತ್ತು ನೋಡಿ ಆಮೇಲೆ ಏಳುತ್ತದೆ. ಪಿಸ್ತೂಲು ಸೀಗಡಿಗೆ ಮಾತ್ರ ಈ ಪಾತ್ರೆಯ ಸಂಸಾರ ಒಗ್ಗುವುದಿಲ್ಲ.

ಬರಿಗಾಜು ಕನ್ನಡಿಯಂತೆ ಹೊಳೆಯುತ್ತದೆ, ಅಂದವಿಲ್ಲ ಎನ್ನುವವರಿಗೆ ಒಂದು ಮಾತು. ವರ್ಷದೊಳಗೆ ನೇರಳೆ ಬಣ್ಣದ ಕೋರಲೈನ್ ಪಾಚಿ ತಳವನ್ನು ಮುಚ್ಚತೊಡಗುತ್ತದೆ. ಆಮೇಲೆ ಅದು ಗಾಜೆಂದು ಯಾರೂ ಗುರುತಿಸುವುದಿಲ್ಲ.

ಕೆರೆಯಂಗಳ (ಬೆಂಗಳೂರು)

ಚರ್ಚೆ ಉಪಯುಕ್ತವಾಗಿದೆ. ಇಲ್ಲಿಂದ ಓದುತ್ತಿರುವ ಹೊಸಬರಿಗಾಗಿ ಒಂದು ಮಾತು ಹೇಳದೆ ಇರಲಾಗದು. ನ್ಯೂಜೆರ್ಸಿಯಲ್ಲೂ ದುಬೈಯಲ್ಲೂ ಅಂಗಡಿಗೆ ಹೋಗಿ ಅಕ್ರೋಪೊರಾ ಕೊಂಡಂತೆ ಭಾರತದಲ್ಲಿ ಕೊಳ್ಳುವಂತಿಲ್ಲ. ಕಲ್ಲುಹವಳಗಳೆಲ್ಲವನ್ನೂ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಗಿದೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ನೇತ್ರಾಣಿ ದ್ವೀಪದ ಸುತ್ತ ಮುಳುಗಿ ನೋಡಿ ಬರಬಹುದು, ಒಂದು ಚೂರನ್ನೂ ತರುವಂತಿಲ್ಲ. ಕಡಲತೀರದಿಂದ ಮರಳು ತುಂಬಿಕೊಂಡು ಬರುವ ಯೋಚನೆಯನ್ನೂ ಬಿಡಿ.

ನನ್ನದು ಹವಳವಿಲ್ಲದ, ಮೀನು ಮಾತ್ರದ ಟ್ಯಾಂಕ್, ಕಲ್ಲುಗಳು ಕೃತಕವಾದವು. ಮರಳು 3 ಸೆಂಟಿಮೀಟರ್ ಇದೆ. ನಾನು ಕಲಿತ ಪಾಠ ಒಂದೇ. ಕರೆಂಟು ಹೋದಾಗ ಉಸಿರಾಡುವುದು ಮೀನುಗಳು ಮಾತ್ರವಲ್ಲ, ಮರಳಿನೊಳಗಿನ ಬ್ಯಾಕ್ಟೀರಿಯಾಗಳೂ ಅದೇ ನೀರಿನ ಆಮ್ಲಜನಕವನ್ನು ಎಳೆಯುತ್ತಿರುತ್ತವೆ. ಒಂದು ಮಳೆಗಾಲದ ರಾತ್ರಿ ಆರು ಗಂಟೆ ವಿದ್ಯುತ್ ಇರಲಿಲ್ಲ. ನಾಲ್ಕನೆಯ ಗಂಟೆಗೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅಂದಿನಿಂದ ನೀರು ತಿರುಗಿಸುವ ಒಂದು ವೇವ್‌ಮೇಕರನ್ನು ಇನ್ವರ್ಟರಿನ ಸಾಲಿಗೆ ಜೋಡಿಸಿದ್ದೇನೆ. ನ್ಯೂಜೆರ್ಸಿಯಲ್ಲಿ ಹಿಮಗಾಳಿಗೆ ತಂತಿ ಬೀಳುವುದುಂಟಲ್ಲ, ನೀವೂ ಒಂದು ಬ್ಯಾಟರಿ ಪಂಪು ಇಟ್ಟುಕೊಳ್ಳಿ.

ಉಪ್ಪುನೀರು (ನ್ಯೂಜೆರ್ಸಿ)

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿಮ್ಮ ಮಾತುಗಳನ್ನು ಮಗಳಿಗೂ ಓದಿ ಹೇಳಿದೆ. ಅಕ್ರೋಪೊರಾವೋ ಗೋಬಿಯೋ ಎಂದು ಕೇಳಿದರೆ ಅವಳ ಉತ್ತರ ನಿಮಗೆಲ್ಲ ಗೊತ್ತೇ ಇದೆ, ನನಗೂ ಒಳಗೊಳಗೆ ಆ ಉತ್ತರವೇ ಬೇಕಿತ್ತೇನೋ. ಮರಳು ಹಾಸುತ್ತಿದ್ದೇನೆ. ಅಕ್ರೋಪೊರಾದ ಆಸೆಯನ್ನು ಸದ್ಯಕ್ಕೆ ಕಲ್ಲಿನ ಮೇಲ್ತುದಿಗೆ ಏರಿಸಿಟ್ಟಿದ್ದೇನೆ. ಪ್ರವಾಹವನ್ನು ಮೇಲರ್ಧದಲ್ಲಿ ಬಿರುಸಾಗಿಯೂ ತಳದಲ್ಲಿ ಮೃದುವಾಗಿಯೂ ಇರಿಸಲು ಸಾಧ್ಯವೇ ಎಂದು ಮುಂದೆ ನೋಡುತ್ತೇನೆ.

ವಿನೆಗರ್ ಪರೀಕ್ಷೆ ಮಾಡಿದೆವು, ಚಿರಚಿರ ಎಂದಿತು. ಕಾಳು ಚೀಲದ ಮೇಲೆ ಬರೆದಂತೆ 1ರಿಂದ 2 ಮಿಲಿಮೀಟರ್ ಇದೆ. ತೂಕದ ವಿಷಯವಾಗಿ ಲೆಕ್ಕ ಹಾಕಿದಾಗ, ನೀರು ಮತ್ತು ಗಾಜಿನ ಭಾರದ ಮುಂದೆ 36 ಕಿಲೋ ಮರಳು ದೊಡ್ಡದಲ್ಲವೆಂದು ತಿಳಿಯಿತು. ಟ್ಯಾಂಕನ್ನು ನೆಲದ ತೊಲೆಗಳಿಗೆ ಅಡ್ಡಲಾಗಿ, ಹೊರಗೋಡೆಗೆ ಒತ್ತಿ ಇಟ್ಟಿದ್ದೇನೆ. ಒಂದು ಅನುಮಾನ ಮಾತ್ರ ಉಳಿದಿದೆ. ಕಲ್ಲು ಮೊದಲೋ, ಮರಳು ಮೊದಲೋ?

ಹವಳದಿಬ್ಬ (ಫ್ರಾಂಕ್‌ಫರ್ಟ್)

ಕಲ್ಲು ಮೊದಲು, ನೇರವಾಗಿ ಗಾಜಿನ ಮೇಲೆ. ಮರಳಿನ ಮೇಲೆ ಕಲ್ಲು ಕೂರಿಸಿದರೆ ನಿಮ್ಮ ಪಿಸ್ತೂಲು ಸೀಗಡಿ ಒಂದೇ ತಿಂಗಳಲ್ಲಿ ಅಡಿಪಾಯ ತೋಡಿ ಮಂಟಪವನ್ನೇ ಉರುಳಿಸುತ್ತದೆ. ಗಾಜಿಗೆ ಗೀರು ಬೀಳುವ ಭಯವಿದ್ದರೆ ಕಲ್ಲಿನ ಕಾಲುಗಳು ಊರುವ ಜಾಗದಲ್ಲಿ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಯ ಚೂರುಗಳನ್ನು ಇಡಿ. ಇಡೀ ತಳಕ್ಕೆ ಒಂದೇ ಹಲಗೆ ಹಾಸಬೇಡಿ. ಅಂಚು ಮುಚ್ಚುವ ಸಿಲಿಕೋನ್ ಅಂಟು ಆ ಪ್ಲಾಸ್ಟಿಕ್ಕಿಗೆ ಅಂಟುವುದಿಲ್ಲವಾದ್ದರಿಂದ ಅಡಿಯಲ್ಲಿ ಕಸ ಸೇರಿಕೊಳ್ಳುತ್ತದೆ. ಚೀಲದ ಮೇಲೆ ತೊಳೆಯುವ ಅಗತ್ಯವಿಲ್ಲವೆಂದು ಬರೆದಿದ್ದರೂ ಬಕೆಟ್ಟಿನಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಅಕ್ಕಿ ತೊಳೆದಂತೆ ಬಿಳಿನೀರು ತಿಳಿಯಾಗುವವರೆಗೆ ತೊಳೆಯಿರಿ. ತೊಳೆಯದೆ ಸುರಿದರೆ ಒಂದು ವಾರ ನಿಮ್ಮ ಟ್ಯಾಂಕ್ ಹಾಲಿನ ಡೇರಿಯಂತೆ ಕಾಣುತ್ತದೆ.